ರೆಪ್ಪೆಯೂ ಚರ್ಮವೇ ಸ್ವಾಮೀ..

ಯಾರನ್ನಾದರೂ ಜೋಪಾನವಾಗಿ ನೋಡಿಕೊಂಡರೆ "ಕಣ್ಣಿಗೆ ರೆಪ್ಪೆ ಹಾಗೆ ಕಾಪಾಡಿದ್ರು" ಅಂತೀವಿ. ಮಾತೇನೋ ಚೆನ್ನಾಗಿದೆ. ಆದರೆ ಆ ರೆಪ್ಪೆ ಅಂದರೆ ಏನು? ಚರ್ಮ! ಇಡೀ ಮೈಯಲ್ಲೇ ಅತ್ಯಂತ ತೆಳುವಾದ ಚರ್ಮ. ಈಗ ಹೇಳಿ, ಆ ರೆಪ್ಪೆಗೆ ಏನಾದರೂ ಆದರೆ ಯಾರ ಹತ್ತಿರ ಹೋಗಬೇಕು? ಕಣ್ಣಿನವರು "ಇದು ಸ್ಕಿನ್ ಪ್ರಾಬ್ಲಮ್ಮು" ಅಂತಾರೆ. ಚರ್ಮದವರು "ಕಣ್ಣಿಗೆ ಹತ್ತಿರ ಇದೆ, ಅವರನ್ನೇ ಕೇಳಿಬಿಡಿ" ಅಂತಾರೆ. ಎರಡು ಪಂಚಾಯಿತಿಗಳ ಗಡಿಯಲ್ಲಿರೋ ರಸ್ತೆಗೆ ಇಬ್ಬರೂ ಟಾರು ಹಾಕಿಸಲ್ಲವಲ್ಲ, ಹಾಗೆ ನಮ್ಮ ರೆಪ್ಪೆಯ ಪಾಡು.

ನಾನು ಹೇಳಬೇಕಿರೋದು ಇಷ್ಟೇ. ಕಣ್ಣಿನ ಸ್ಪೆಷಲಿಸ್ಟ್ ಆಗಲು ಓದುತ್ತಿರುವ ಪ್ರತಿಯೊಬ್ಬ ಡಾಕ್ಟರೂ ಕನಿಷ್ಠ ಒಂದು ತಿಂಗಳು ಚರ್ಮದ ಓಪಿಡಿಯಲ್ಲಿ ಕೂರಬೇಕು. ಇಷ್ಟವಿದ್ದರೆ ಅಲ್ಲ, ಕಡ್ಡಾಯವಾಗಿ. ಮತ್ತೆ ಅದರ ಮೇಲೆ ಪರೀಕ್ಷೆ ಇರಬೇಕು.

"ನೀನು ಸಾಫ್ಟ್‌ವೇರಿನವನು, ಓದಿದ್ದು ಇಂಜಿನಿಯರಿಂಗು, ಡಾಕ್ಟರಿಕೆ ವಿಷಯದಲ್ಲಿ ನಿನಗೇನು ಕೆಲಸ?" ಅಂತ ಕೆಲವರು ಕೇಳಬಹುದು. ನಿಜ, ನಾನು ಡಾಕ್ಟರಲ್ಲ. ಆದರೆ ಪೇಷೆಂಟ್ ಆಗೋಕೆ ಯಾವ ಡಿಗ್ರಿಯೂ ಬೇಡ ನೋಡಿ :-) ಇನ್ನೊಂದು ವಿಷಯ. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಸತ್ಯ ಒಂದಿದೆ: ಒಂದೊಂದೇ ಮಾಡ್ಯೂಲನ್ನು ಬೇರೆ ಬೇರೆ ಟೆಸ್ಟ್ ಮಾಡಿದರೆ ಎಲ್ಲವೂ ಪಾಸಾಗುತ್ತೆ. ಎರಡನ್ನೂ ಸೇರಿಸಿದ ಜಾಗದಲ್ಲಿ ಬಗ್ ಸಿಗುತ್ತೆ. ಆ ಜಾಗ ಯಾರ ಹೆಸರಿನಲ್ಲೂ ಇರಲ್ಲ, ಅದಕ್ಕೇ ಅದನ್ನು ಯಾರೂ ನೋಡಿರಲ್ಲ. ಕಣ್ಣು ಮತ್ತು ಚರ್ಮದ ನಡುವೆ ಆಗುತ್ತಿರೋದೂ ಇದೇ.

ನನ್ನ ರೂಮ್‌ಮೇಟ್ ಒಬ್ಬ ಕಣ್ಣಿನ ಪಿಜಿ ಮಾಡ್ತಿದ್ದಾನೆ. ಆರ್.ಟಿ. ನಗರದಲ್ಲಿ ನಮ್ಮದು ಎರಡು ರೂಮಿನ ಬಾಡಿಗೆ ಮನೆ. ರಾತ್ರಿ ಹತ್ತೂವರೆಗೆ ಅವನು ಡ್ಯೂಟಿ ಮುಗಿಸಿ ಬಂದ ಮೇಲೆ ನಮ್ಮ ವಾದ ಶುರು. ಎರಡನೇ ವರ್ಷ ಮುಗೀತಾ ಬಂತು, ಚರ್ಮದ ವಿಭಾಗದಲ್ಲಿ ಒಂದು ದಿನವೂ ಕೂತಿಲ್ಲವಂತೆ. (ಕಾಲೇಜಿನ ಹೆಸರು ಬೇಡ ಬಿಡಿ.) "ಮಗಾ, ಮೂರು ವರ್ಷದಲ್ಲಿ ಕ್ಯಾಟರಾಕ್ಟ್‌ಗೆ ಕೈ ಕೂರಿಸಿಕೊಳ್ಳೋಕೇ ಟೈಮ್ ಸಾಲಲ್ಲ, ಇನ್ನು ಕಜ್ಜಿ ತುರಿ ಎಲ್ಲಿ ನೋಡ್ಲಿ?" ಅಂತಾನೆ. ಅವನು ಹೇಳೋದರಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧಕ್ಕೆ ಈ ಬರಹ.

ಅವನು ದಿನಾ ತೆಗೆಯಲು ಕಲಿಯುತ್ತಿರುವ ಆ ಕ್ಯಾಟರಾಕ್ಟನ್ನೇ ತಗೊಳ್ಳಿ. ಪೊರೆ ಬರೋದು ಕಣ್ಣಿನ ಲೆನ್ಸಿಗೆ. ಆ ಲೆನ್ಸು ಹುಟ್ಟೋದು ಎಲ್ಲಿಂದ? ತಾಯಿಯ ಗರ್ಭದಲ್ಲಿ ಭ್ರೂಣದ ಹೊರಪದರದಿಂದ. ಚರ್ಮದ ಹೊರಪದರವೂ, ಕಾರ್ನಿಯಾದ ಮೇಲ್ಪದರವೂ ಹುಟ್ಟೋದು ಅದೇ ಹಾಳೆಯಿಂದ. ಅಂದರೆ ಚರ್ಮ ಮತ್ತು ಕಣ್ಣಿನ ಮುಂಭಾಗ ಎರಡೂ ಒಂದೇ ಮನೆಯ ಮಕ್ಕಳು. ಬೇರೆ ಮನೆ ಮಾಡಿಸಿದ್ದು ನಮ್ಮ ಮೆಡಿಕಲ್ ಕಾಲೇಜಿನ ಡಿಪಾರ್ಟ್‌ಮೆಂಟುಗಳು. ಚಿಕ್ಕಂದಿನಿಂದ ಇಸುಬು ಕಾಡಿದವರಲ್ಲಿ ಕೆಲವರಿಗೆ ಇಪ್ಪತ್ತು ಮೂವತ್ತರ ವಯಸ್ಸಿಗೇ ಪೊರೆ ಬರುತ್ತದೆ. ಅದು ರೋಗದಿಂದ ಬಂತೋ, ಹಚ್ಚಿಕೊಂಡ ಸ್ಟೀರಾಯ್ಡಿನಿಂದ ಬಂತೋ ಅಂತ ಯೋಚಿಸಬೇಕಾದರೆ ಮೊದಲು ಮೊಣಕೈ ಮಡಿಕೆಯ ಇಸುಬನ್ನು ನೋಡಿ ಗುರುತು ಹಿಡಿಯಬೇಕಲ್ಲ?

ಈಗ ಓದಿನ ಲೆಕ್ಕ ನೋಡೋಣ. ಎಂಬಿಬಿಎಸ್‌ನಲ್ಲಿ ಕಣ್ಣಿಗೆ ಪ್ರತ್ಯೇಕ ಪೇಪರ್ ಇದೆ. ಚರ್ಮಕ್ಕೆ ಇಲ್ಲ, ಅದು ಜನರಲ್ ಮೆಡಿಸಿನ್ ಪೇಪರಿನಲ್ಲಿ ಒಂದು ಪಾಲು. ಇನ್ನು ಇಂಟರ್ನ್‌ಶಿಪ್. 2021ರಲ್ಲಿ ಬಂದ ನಿಯಮದ ಪ್ರಕಾರ ಇಡೀ ವರ್ಷದಲ್ಲಿ ಕಣ್ಣಿಗೆ ಎರಡು ವಾರ, ಚರ್ಮಕ್ಕೆ ಒಂದೇ ಒಂದು ವಾರ. ಆ ವಾರದಲ್ಲೂ ಪಿಜಿ ಎಂಟ್ರೆನ್ಸಿಗೆ ಓದೋದೇ ಹೆಚ್ಚು ಅನ್ನೋದು ಮೆಡಿಕಲ್ ಓದಿದ ನಿಮ್ಮ ಗೆಳೆಯರನ್ನು ಕೇಳಿದರೆ ಗೊತ್ತಾಗುತ್ತೆ. ಆಮೇಲೆ ಕಣ್ಣಿನ ಪಿಜಿ ಸೇರಿದ ಮೇಲೆ ಚರ್ಮ ಅನ್ನೋದು ಪುಸ್ತಕದ ಪುಟ. ಸಿಲಬಸ್ಸಿನಲ್ಲಿ ಆ ರೋಗಗಳ ಹೆಸರಿಲ್ಲ ಅಂತ ನಾನು ಹೇಳ್ತಿಲ್ಲ. ಹೆಸರು ಓದಿದವರು ಬೇರೆ, ರೋಗ ನೋಡಿದವರು ಬೇರೆ. ಈಜು ಕಲಿಸೋ ಪುಸ್ತಕ ಓದಿ ಹಲಸೂರು ಕೆರೆಗೆ ಹಾರಿದ ಹಾಗೆ.

ಪುಸ್ತಕದ ಇನ್ನೊಂದು ತೊಂದರೆ ಕೇಳಿ. ಅದರಲ್ಲಿರುವ ಚಿತ್ರಗಳು ಬಹುಪಾಲು ಬಿಳಿ ಚರ್ಮದವು. ಅಲ್ಲಿ ಕೆಂಪು ಅಂದರೆ ಟೊಮ್ಯಾಟೊ ಹಣ್ಣಿನ ಕೆಂಪು. ನಮ್ಮ ಎಣ್ಣೆಗೆಂಪು, ಕಪ್ಪು ಮೈಬಣ್ಣದಲ್ಲಿ ಅದೇ ಉರಿಯೂತ ನೇರಳೆಯಾಗಿಯೋ, ಕಂದಾಗಿಯೋ, ಬರೀ ಕಪ್ಪು ಕಲೆಯಾಗಿಯೋ ಕಾಣುತ್ತೆ. ಕೆನ್ನೆ ಮೂಗು ಕೆಂಪಾಗುವ ರೋಸೇಷಿಯಾ ಅನ್ನೋ ರೋಗ ರೆಪ್ಪೆಯಂಚಿನ ಎಣ್ಣೆಗ್ರಂಥಿಗಳನ್ನು ಹಾಳು ಮಾಡಿ, ಕಣ್ಣು ಒಣಗಿಸಿ, ಕೆಲವರಲ್ಲಿ ಕಾರ್ನಿಯಾವರೆಗೂ ಹೋಗುತ್ತೆ. ನಮ್ಮ ಬಣ್ಣದವರಲ್ಲಿ ಅದು ಕಣ್ತಪ್ಪಿ ಹೋಗೋದೇ ಹೆಚ್ಚು. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ನಮ್ಮಂಥವರು ಕಣ್ಣುರಿ ಅಂತ ಹೋದರೆ ಉತ್ತರ ಮೊದಲೇ ಸಿದ್ಧ: "ಕಂಪ್ಯೂಟರ್ ಜಾಸ್ತಿ ನೋಡ್ತೀರಾ? ಈ ಡ್ರಾಪ್ಸ್ ಹಾಕ್ಕೊಳ್ಳಿ." ಕಂಪ್ಯೂಟರ್ ಕಾರಣ ಇರಬಹುದು. ಆದರೆ ತಲೆಯ ಹೊಟ್ಟು, ಹುಬ್ಬಿನಲ್ಲಿ ಉದುರೋ ಸಿಪ್ಪೆ, ರೆಪ್ಪೆಕೂದಲ ಬುಡದಲ್ಲಿ ಅಂಟಿದ ಪುಡಿ, ಮೊಡವೆಗೆ ನುಂಗುತ್ತಿರುವ ಐಸೋಟ್ರೆಟಿನಾಯಿನ್ ಮಾತ್ರೆ, ಇವೂ ಕಾರಣ ಇರಬಹುದಲ್ಲ? ಕೇಳಿದರೆ ತಾನೇ ಗೊತ್ತಾಗೋದು.

ಇರಲಿ, ಇವೆಲ್ಲ ಉರಿ, ತುರಿ. ದೃಷ್ಟಿಯೇ ಹೋಗುವ ಸಂಗತಿಗೆ ಬರ್ತೀನಿ.

ಸರ್ಪಸುತ್ತು ಗೊತ್ತಲ್ಲ? ಊರ ಕಡೆ ಅದಕ್ಕೆ ಕೆಮ್ಮಣ್ಣು ಹಚ್ಚಿಸೋದು, ಮಂತ್ರ ಹಾಕಿಸೋದು, ಹಾವಿನ ತಲೆ ಬಾಲ ಕೂಡಿದರೆ ಸಾವು ಅಂತ ಹೆದರಿಸೋದು ಎಲ್ಲ ಇದೆ. ಅಸಲಿಗೆ ಅದು ಚಿಕ್ಕಂದಿನಲ್ಲಿ ಬಂದುಹೋದ ಸಿಡುಬಿನಂಥ ಅಮ್ಮ, ಅಂದರೆ ಚಿಕನ್ ಪಾಕ್ಸಿನ ವೈರಸ್ಸು, ನರದೊಳಗೆ ಮಲಗಿದ್ದು ವರ್ಷಗಳ ಮೇಲೆ ಎದ್ದು ಬರೋದು. ಹತ್ತರಿಂದ ಇಪ್ಪತ್ತು ಶೇಕಡಾ ಜನರಲ್ಲಿ ಅದು ಹಣೆ ಮತ್ತು ಕಣ್ಣಿನ ಸುತ್ತ ಬರುತ್ತೆ. ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಒಂದೇ ನರದ ಕೊಂಬೆ ಹೋಗುತ್ತೆ. ಹಾಗಾಗಿ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೆ ಅಪಾಯ ಅಂತ ಎಚ್ಚರಿಕೆ ಗಂಟೆ. (ಗುಳ್ಳೆ ಇಲ್ಲ ಅಂದಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ.) ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಶುರುವಾದರೆ ಲಾಭ ಹೆಚ್ಚು.

ನಮ್ಮ ದೊಡ್ಡಮ್ಮ ತಿಪಟೂರಿನಿಂದ ನಮ್ಮ ಮನೆಗೆ ಬಂದಿದ್ದಾಗ ಒಂದು ಪಕ್ಕ ಹಣೆನೋವು ಅಂತ ಶುರುವಾಯ್ತು. ಶುಕ್ರವಾರ ಸಂಜೆ ಹಣೆಯಲ್ಲಿ ಗುಳ್ಳೆ. ಶನಿವಾರ ಬೆಳಿಗ್ಗೆ ಒಂದು ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋದೆವು. ಅಷ್ಟರಲ್ಲಿ ಮೂಗಿನ ತುದಿಯಲ್ಲೂ ಎರಡು ಎದ್ದಿದ್ದವು. ಅಲ್ಲಿದ್ದ ಕಿರಿಯ ಡಾಕ್ಟರು ಕತ್ತಲೆ ಕೋಣೆಯಲ್ಲಿ ಯಂತ್ರಕ್ಕೆ ಗದ್ದ ಆನಿಸಿ ನೋಡಿ, "ಅಮ್ಮಾ, ಕಣ್ಣು ಸದ್ಯಕ್ಕೆ ಚೆನ್ನಾಗಿದೆ, ಇದು ಚರ್ಮದ್ದು, ಸ್ಕಿನ್ ಡಾಕ್ಟರಿಗೆ ತೋರಿಸಿ" ಅಂದರು. ಅವರು ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ಕಣ್ಣು ಚೆನ್ನಾಗೇ ಇತ್ತು! ಭಾನುವಾರ ಎಲ್ಲ ಬಂದ್. ಚರ್ಮದ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಮಂಗಳವಾರ. ಅವರು ನೋಡಿದ ತಕ್ಷಣ ಮಾತ್ರೆ ಬರೆದರು. ಈಗ ದೊಡ್ಡಮ್ಮನ ಬಲಗಣ್ಣಿನ ಕಾರ್ನಿಯಾಕ್ಕೆ ಸ್ಪರ್ಶವೇ ಇಲ್ಲ, ಮೇಲೊಂದು ಮಂಜಿನಂಥ ಕಲೆ. ಅಕ್ಕಿ ಆರಿಸುವಾಗ ಕಲ್ಲು ಕಾಣಲ್ಲ ಅಂತಾರೆ. ಶನಿವಾರವೇ ಮಾತ್ರೆ ಸಿಕ್ಕಿದ್ದರೆ ಕಣ್ಣು ಉಳೀತಿತ್ತು ಅಂತ ಯಾರೂ ಎದೆ ತಟ್ಟಿ ಹೇಳಲಾರರು. ಆದರೆ ಆ ಅವಕಾಶ ಅವರಿಗೆ ಸಿಗಲೇ ಇಲ್ಲವಲ್ಲ, ಅದು ನನ್ನ ಸಿಟ್ಟು. ಒಂದು ತಿಂಗಳು ಚರ್ಮದ ಓಪಿಡಿಯಲ್ಲಿ ಕೂತ ಯಾರೇ ಆಗಿದ್ದರೂ ಆ ಮುಖವನ್ನು ಬಾಗಿಲಿನಿಂದಲೇ ನೋಡಿ ಹೇಳ್ತಿದ್ದರು.

ತಮಾಷೆ ಅಂದರೆ, ಮೂಗಿನ ತುದಿಯ ಆ ಗುರುತಿಗೆ ಹೆಸರು ಬಂದಿರೋದು ಜೊನಾಥನ್ ಹಚಿನ್ಸನ್ ಅನ್ನೋ ಇಂಗ್ಲಿಷ್ ಡಾಕ್ಟರಿಂದ. 1828ರಲ್ಲಿ ಹುಟ್ಟಿ 1913ರಲ್ಲಿ ತೀರಿಕೊಂಡವರು. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯಲ್ಲೂ ಕೆಲಸ ಮಾಡಿದರು, ಬ್ಲ್ಯಾಕ್‌ಫ್ರಯರ್ಸ್ ಚರ್ಮದ ಆಸ್ಪತ್ರೆಯಲ್ಲೂ ಕೆಲಸ ಮಾಡಿದರು. ಎರಡೂ ಕಡೆ ಓಡಾಡಿದವರಿಗೆ ಮೂಗೂ ಕಂಡಿತು, ಕಣ್ಣೂ ಕಂಡಿತು, ನಡುವಿನ ದಾರಿಯೂ ಕಂಡಿತು. (ಕೊಳೆತ ಮೀನು ತಿಂದರೆ ಕುಷ್ಠ ಬರುತ್ತೆ ಅಂತ ಕೊನೆವರೆಗೂ ಹಟ ಹಿಡಿದಿದ್ದವರೂ ಇವರೇ, ಅದು ಬೇರೆ ಕಥೆ :-) )

ಕುಷ್ಠದ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಹತ್ತು ಸಾವಿರ ಜನಕ್ಕೆ ಒಬ್ಬರಿಗಿಂತ ಕಡಿಮೆ ರೋಗಿಗಳು ಅನ್ನೋ ಲೆಕ್ಕದಲ್ಲಿ 2005ರ ಕೊನೆಗೆ ಭಾರತ ಕುಷ್ಠದಿಂದ ಪಾರಾಯಿತು ಅಂತ ಘೋಷಣೆ ಆಯ್ತು. ನಾವೆಲ್ಲ "ಮುಗೀತು" ಅಂತ ಅಂದುಕೊಂಡೆವು. ಮುಗಿದಿಲ್ಲ. ಅದಾದ ಮೇಲೂ ದೇಶದಲ್ಲಿ ವರ್ಷ ವರ್ಷ ಲಕ್ಷದ ಆಸುಪಾಸು ಹೊಸ ರೋಗಿಗಳು ಸಿಗುತ್ತಲೇ ಬಂದಿದ್ದಾರೆ. ಈ ರೋಗ ಕಣ್ಣು ಮುಚ್ಚಿಸುವ ನರವನ್ನು ಹಿಡಿದರೆ ರೆಪ್ಪೆ ಮುಚ್ಚಲ್ಲ. ಕಾರ್ನಿಯಾದ ನರ ಹಿಡಿದರೆ ಧೂಳು ಬಿದ್ದರೂ ಗೊತ್ತಾಗಲ್ಲ. ಎರಡೂ ಸೇರಿದರೆ ಕಣ್ಣು ಹೋಯ್ತು ಅಂತಲೇ ಲೆಕ್ಕ. "ಕಣ್ಣು ಮುಚ್ಚಕ್ಕೆ ಆಗ್ತಿಲ್ಲ" ಅಂತ ಬಂದವರ ಕೆನ್ನೆಯಲ್ಲಿ ಸ್ಪರ್ಶವಿಲ್ಲದ ಮಚ್ಚೆ ಇದೆಯಾ, ಹುಬ್ಬಿನ ಕೂದಲು ಉದುರಿದೆಯಾ ಅಂತ ನೋಡೋಕೆ ಯಾವ ಯಂತ್ರವೂ ಬೇಡ, ಒಂದು ಚೂರು ಹತ್ತಿ ಸಾಕು. ನರ ಊದಿಕೊಂಡ ಮೊದಲ ಕೆಲವು ತಿಂಗಳಲ್ಲಿ ಚಿಕಿತ್ಸೆ ಕೊಟ್ಟರೆ ರೆಪ್ಪೆ ಮತ್ತೆ ಮುಚ್ಚುವ ಸಾಧ್ಯತೆ ಇದೆ. ಆದರೆ ಕುಷ್ಠದ ಮಚ್ಚೆಯನ್ನು ಜೀವಮಾನದಲ್ಲಿ ಒಮ್ಮೆಯೂ ಮುಟ್ಟಿ ನೋಡದ ಕಣ್ಣಿನ ಡಾಕ್ಟರಿಗೆ ಅದು ಹೊಳೆಯೋದು ಹೇಗೆ?

ಇನ್ನು ನಮ್ಮ ಬೆಂಗಳೂರಿನದ್ದೇ ಸಂಗತಿ. ಖಾಲಿ ಸೈಟು ಸಿಕ್ಕರೆ ಸಾಕು ಬೆಳೆಯುವ ಕಾಂಗ್ರೆಸ್ ಗಿಡ, ಪಾರ್ಥೇನಿಯಂ. ಅದನ್ನು ಕೀಡೆ ಅಂತ ಕರ್ನಾಟಕ ಸರ್ಕಾರ 1975ರಲ್ಲೇ ಘೋಷಿಸಿತು. ಅದನ್ನು ತಿನ್ನಲಿ ಅಂತ ಮೆಕ್ಸಿಕೋದಿಂದ ತಂದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಜೀರುಂಡೆ ಅದರ ಪಾಡಿಗೆ ತಿಂತಾ ಇದೆ, ಗಿಡ ಅದರ ಪಾಡಿಗೆ ಬೆಳೀತಾ ಇದೆ. ಗಿಡದ ಪುಡಿ ಗಾಳಿಯಲ್ಲಿ ತೇಲಿ ಬಂದು ಕೂರೋದು ರೆಪ್ಪೆ ಮೇಲೆ, ಕತ್ತಿನ ಮಡಿಕೆಯಲ್ಲಿ, ಮೊಣಕೈ ಮಡಿಕೆಯಲ್ಲಿ. ಅಲರ್ಜಿ ಇರುವವರಿಗೆ ರೆಪ್ಪೆ ದಪ್ಪಗಾಗಿ, ಕಪ್ಪಾಗಿ, ತುರಿಸಿ ತುರಿಸಿ ಸಾಕಾಗುತ್ತೆ. ಕಣ್ಣಿನ ಡಾಕ್ಟರು ಡ್ರಾಪ್ಸ್ ಕೊಡ್ತಾರೆ. ಕಮ್ಮಿ ಆಗಲ್ಲ, ಇನ್ನೊಂದು ಡ್ರಾಪ್ಸ್. ಕೆಲವು ಡ್ರಾಪ್ಸಿನ ಔಷಧಕ್ಕೋ, ಕೆಡದಂತೆ ಹಾಕಿರುವ ರಾಸಾಯನಿಕಕ್ಕೋ ರೆಪ್ಪೆಗೆ ಮತ್ತೊಂದು ಅಲರ್ಜಿ. ಅಂಗಿಯ ಕಾಲರ್ ಸರಿಸಿ ಕತ್ತು ನೋಡಿದ್ದರೆ ಮೊದಲ ದಿನವೇ ಉತ್ತರ ಸಿಗ್ತಿತ್ತು.

ಕೊನೆಗೆ ಪೇಷೆಂಟ್ ಬೇಸತ್ತು ಮೆಡಿಕಲ್ ಶಾಪಿಗೆ ಹೋಗ್ತಾನೆ. ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಚೀಟಿ ಕೇಳೋ ಅಂಗಡಿ ನಿಮಗೆಷ್ಟು ಸಿಕ್ಕಿವೆ, ನೀವೇ ಎಣಿಸಿಕೊಳ್ಳಿ. ಬೆಳ್ಳಗಾಗಲಿ ಅಂತ ಹಚ್ಚುವವರು ಬೇರೆ. ರೆಪ್ಪೆಯ ತೆಳು ಚರ್ಮಕ್ಕೆ ತಿಂಗಳುಗಟ್ಟಲೆ ಅದನ್ನು ಹಚ್ಚಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆ ಬರಬಹುದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರಲ್ಲ. "ಮುಖಕ್ಕೆ ಏನಾದ್ರೂ ಹಚ್ಕೋತೀರಾ?" ಅನ್ನೋ ಒಂದೇ ಪ್ರಶ್ನೆ ಇಲ್ಲಿ ದುಬಾರಿ ಸ್ಕ್ಯಾನಿಗಿಂತ ದೊಡ್ಡದು.

ಎಲ್ಲಕ್ಕಿಂತ ಭಯಂಕರವಾದ್ದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. ಫಿಟ್ಸಿನ ಮಾತ್ರೆ, ಸಲ್ಫಾ ಮಾತ್ರೆ, ಯೂರಿಕ್ ಆಸಿಡ್ಡಿನ ಮಾತ್ರೆ ಹೀಗೆ ಯಾವುದೋ ಔಷಧಿಗೆ ಮೈ ತಿರುಗಿಬಿದ್ದು ಸುಟ್ಟಂತೆ ಚರ್ಮ ಕಿತ್ತು ಬರುತ್ತೆ. ಕಣ್ಣಿನ ಡಾಕ್ಟರೇ ಒತ್ತಡ ಇಳಿಸಲು ಬರೆಯುವ ಅಸೆಟಜೋಲಮೈಡ್ ಮಾತ್ರೆಯಿಂದಲೂ ಅಪರೂಪಕ್ಕೆ ಹೀಗಾಗಿದೆ. ಸ್ಟೀವನ್ಸ್ ಮತ್ತು ಜಾನ್ಸನ್ 1922ರಲ್ಲಿ ಇಬ್ಬರು ಹುಡುಗರ ಬಗ್ಗೆ ಬರೆದ ಆ ಮೊದಲ ಲೇಖನದ ತಲೆಬರಹದಲ್ಲೇ ಕಣ್ಣಿನ ಉರಿಯೂತದ ಪ್ರಸ್ತಾಪ ಇತ್ತು. ನೂರು ವರ್ಷ ದಾಟಿತು. ಈ ರೋಗ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಕಣ್ಣಿಗೂ ತಗಲುತ್ತೆ. ರೋಗಿ ಮಲಗಿರೋದು ಚರ್ಮದ ವಾರ್ಡಿನಲ್ಲೋ ಐಸಿಯುನಲ್ಲೋ. ಮೊದಲ ವಾರ ಹತ್ತು ದಿನದಲ್ಲೇ ಕಣ್ಣಿನ ಡಾಕ್ಟರು ದಿನಾ ಬಂದು ರೆಪ್ಪೆ ಒಳಗೆ ಅಂಟದಂತೆ ನೋಡಿಕೊಳ್ಳಬೇಕು, ಬೇಕಾದರೆ ಹೆರಿಗೆಯಲ್ಲಿ ಸಿಗುವ ಮಾಸಿನ ತೆಳು ಪೊರೆಯನ್ನು ಕಣ್ಣಿನ ಮೇಲೆ ಹೊದಿಸಬೇಕು. ಆ ದಿನಗಳು ಕಳೆದರೆ ಉಳಿಯೋದು ಒಣಗಿ ಹೋದ, ಕಲೆಗಟ್ಟಿದ ಕಣ್ಣು.

"ಕಣ್ಣು ಹಾಕಿಸಿದರೆ ಆಯ್ತಪ್ಪ" ಅಂತೀರಾ? ಕೇಳಿ. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ ಅವರ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ಬೆಳಕು ಬಂತು. ಇಡೀ ಕರ್ನಾಟಕ ನೇತ್ರದಾನಕ್ಕೆ ಸಾಲುಗಟ್ಟಿ ನಿಂತಿತು. ನಾವು ಹೆಮ್ಮೆ ಪಡಬೇಕಾದ ವಿಷಯ. ಆದರೆ ಸ್ಟೀವನ್ಸ್-ಜಾನ್ಸನ್ ಆದ ಕಣ್ಣಿಗೆ ಸಾಮಾನ್ಯ ಕಾರ್ನಿಯಾ ಕಸಿ ಹೆಚ್ಚಾಗಿ ನಿಲ್ಲೋದೇ ಇಲ್ಲ. ನೀರಿಲ್ಲದ ಮಣ್ಣಿನಲ್ಲಿ ಎಂಥ ಒಳ್ಳೆ ಸಸಿ ನೆಟ್ಟರೇನು? ಅಣ್ಣಾವ್ರು ಕೊಟ್ಟರೂ ಅಷ್ಟೇ, ಅಪ್ಪು ಕೊಟ್ಟರೂ ಅಷ್ಟೇ. ದಾನ ಕೂಡ ಕೈಲಾಗದೆ ನಿಲ್ಲುವ ಜಾಗ ಅದು. ಅಲ್ಲಿ ಕೆಲಸ ಮಾಡೋದು ಮೊದಲ ಹತ್ತು ದಿನದ ತಿಳುವಳಿಕೆ ಮಾತ್ರ.

ಈಗ ರೂಮ್‌ಮೇಟಿನ ವಾದಗಳಿಗೆ ಉತ್ತರ ಕೊಡ್ತೀನಿ.

ಒಂದು, "ಟೈಮ್ ಇಲ್ಲ". 2021ರಲ್ಲಿ ಸೇರಿದ ಬ್ಯಾಚಿನಿಂದ ಎಲ್ಲ ಪಿಜಿಗಳಿಗೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಕಡ್ಡಾಯ ಮಾಡಿದರಲ್ಲ, ಅದಕ್ಕೆ ಟೈಮ್ ಎಲ್ಲಿಂದ ಬಂತು? ಬೇಕು ಅಂದರೆ ಬರುತ್ತೆ. ಬೇಕಾದರೆ ಆ ಮೂರು ತಿಂಗಳಲ್ಲೇ ವಾರಕ್ಕೆ ಎರಡು ದಿನ ಅದೇ ಆಸ್ಪತ್ರೆಯ ಚರ್ಮದ ಕೋಣೆಯಲ್ಲಿ ಕೂರಿಸಿ. ಕಾಸು ಖರ್ಚಿಲ್ಲ.

ಎರಡು, "ರೆಫರ್ ಮಾಡಿದ್ರೆ ಆಯ್ತು". ರೆಫರ್ ಮಾಡೋಕೂ ಏನು, ಎಷ್ಟು ಅರ್ಜೆಂಟು ಅಂತ ಗೊತ್ತಿರಬೇಕು. ನಮ್ಮ ದೊಡ್ಡಮ್ಮನನ್ನೂ ರೆಫರ್ ಮಾಡಿದ್ದರು. "ಇವತ್ತೇ ಹೋಗಿ, ಇಲ್ಲಾಂದ್ರೆ ನಾನೇ ಮಾತ್ರೆ ಬರೀತೀನಿ" ಅಂತ ಹೇಳಲಿಲ್ಲ ಅಷ್ಟೇ.

ಮೂರು, "ನಮ್ಮದು ಬರೀ ಕಣ್ಣಿನ ಆಸ್ಪತ್ರೆ, ಚರ್ಮದ ವಿಭಾಗವೇ ಇಲ್ಲ" ಅನ್ನೋ ಕಡೆಗಳ ವಾದ. ಬೆಂಗಳೂರಿನಲ್ಲಿ ಮೆಡಿಕಲ್ ಕಾಲೇಜುಗಳಿಗೆ ಬರವೇ? ಕೆ.ಆರ್. ಮಾರ್ಕೆಟ್ ಹತ್ತಿರ ಮಿಂಟೋ ಕಣ್ಣಿನ ಆಸ್ಪತ್ರೆಯಿಂದ ವಿಕ್ಟೋರಿಯಾ ಆಸ್ಪತ್ರೆಗೆ ನಡೆದು ಹೋಗಬಹುದು. ನಮ್ಮ ಆರ್.ಟಿ. ನಗರದ ಆಚೆ ಈಚೆ ನೋಡಿದರೂ ಕಾಡುಗೊಂಡನಹಳ್ಳಿಯಲ್ಲಿ ಅಂಬೇಡ್ಕರ್ ಮೆಡಿಕಲ್ ಕಾಲೇಜು, ಆ ಕಡೆ ಎಂ.ಎಸ್. ರಾಮಯ್ಯ. ಒಂದು ಒಪ್ಪಂದ ಪತ್ರ, ಒಂದು ಹಾಜರಿ ಪುಸ್ತಕ, ಇಷ್ಟೇ ಬೇಕಿರೋದು.

ನಾಲ್ಕನೆಯದು ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಎಲ್ಲರ ಮನಸ್ಸಿನಲ್ಲಿದೆ: "ಚರ್ಮ ಅಂದ್ರೆ ಬ್ಯೂಟಿ ವಿಷಯ". ನಮ್ಮ ಮೇನ್ ರೋಡಿನ ಬೋರ್ಡುಗಳನ್ನು ನೋಡಿದರೆ ಹಾಗೇ ಅನ್ನಿಸುತ್ತೆ, ಲೇಸರ್, ಹೇರ್, ಗ್ಲೋ! ಆ ತಪ್ಪು ಚರ್ಮದವರದೂ ಹೌದು. ಅವರ ಪಿಜಿಗಳೂ ಕಣ್ಣಿನ ಓಪಿಡಿಗೆ ಹೋಗಿ ಎರಡು ವಾರ ಕೂತು ಬರಲಿ. ಲೂಪಸ್ಸಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ವರ್ಷಗಟ್ಟಲೆ ಬರೆಯುವವರು ಅದು ಅಕ್ಷಿಪಟಕ್ಕೆ ಏನು ಮಾಡುತ್ತೆ ಅಂತ ಕಣ್ಣಾರೆ ನೋಡಲಿ.

ಇನ್ನು ಪರೀಕ್ಷೆ. ನಮ್ಮ ದೇಶದಲ್ಲಿ ಪರೀಕ್ಷೆಗೆ ಬರದೇ ಇರೋದನ್ನು ಯಾರೂ ಓದಲ್ಲ, ಇದನ್ನು ಇಂಜಿನಿಯರಿಂಗ್ ಓದಿದ ನನಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಕಣ್ಣಿನ ಫೈನಲ್ ಪ್ರಾಕ್ಟಿಕಲ್ಲಿನಲ್ಲಿ ಒಬ್ಬರೇ ಒಬ್ಬರು ಚರ್ಮ-ಕಣ್ಣಿನ ರೋಗಿಯನ್ನು ಇಡಲಿ. ಮುಂದಿನ ವರ್ಷ ಹಾಸ್ಟೆಲಿನಲ್ಲಿ ನೋಟ್ಸ್ ತಾನೇ ಓಡಾಡುತ್ತೆ. ಚಿತ್ರ ತೋರಿಸೋದಾದರೆ ನಮ್ಮ ಬಣ್ಣದ ಮುಖಗಳ ಚಿತ್ರ ಇರಲಿ.

ಕಣ್ಣಿನ ಡಾಕ್ಟರುಗಳ ಮೇಲೆ ನನಗೆ ದ್ವೇಷವಿಲ್ಲ. ಅವರ ಕೈಚಳಕ ದೊಡ್ಡದು. ಆದರೆ ಅವರು ಕೆಲಸ ಮಾಡೋದು ಕತ್ತಲೆ ಕೋಣೆಯಲ್ಲಿ, ಒಂದು ಎಳೆ ಬೆಳಕಿನಲ್ಲಿ. ಆ ಎಳೆಯಲ್ಲಿ ಕಾರ್ನಿಯಾದ ಪದರ ಪದರವೂ ಕಾಣುತ್ತೆ, ಸುತ್ತಲಿನ ಮುಖ ಮಾತ್ರ ಕಾಣಲ್ಲ. ಚರ್ಮ ನೋಡಬೇಕಾದ್ದು ಕಿಟಕಿಯ ಹಗಲು ಬೆಳಕಿನಲ್ಲಿ. ಕಲಿಸಬೇಕಿರೋದು ಆ ಒಂದು ನಿಮಿಷದ ಅಭ್ಯಾಸವನ್ನು: ಲೈಟ್ ಹಾಕು, ತಲೆ ನೋಡು, ಮುಖ ನೋಡು, ಕತ್ತು ನೋಡು, ಕೈ ನೋಡು, ಏನು ಹಚ್ಚುತ್ತೀರಿ, ಏನು ನುಂಗುತ್ತೀರಿ ಅಂತ ಕೇಳು. ಆಮೇಲೆ ಲೈಟ್ ಆರಿಸು.

ಅಲ್ಲಿವರೆಗೆ ನಾವೇ ಕೇಳೋಣ. ಮುಂದಿನ ಸಲ ಕಣ್ಣು ತೋರಿಸೋಕೆ ಹೋದಾಗ ಗದ್ದ ಯಂತ್ರಕ್ಕೆ ಆನಿಸುವ ಮೊದಲು ಒಂದು ಮಾತು ಹೇಳಿ ನೋಡಿ, "ಸಾರ್, ಒಂದ್ನಿಮಿಷ ಲೈಟ್ ಹಾಕಿ ನನ್ನ ಮುಖ ನೋಡ್ತೀರಾ?"